ಅರಸನ ಬಿನ್ನಪವೂ ಒಕ್ಕಲ ನೇಗಿಲೂ

ಚಿಕ್ಕದೇವರಾಜ ಒಡೆಯರ ಕಾಲವು (1673–1704) ಕನ್ನಡ ಸಾಹಿತ್ಯ ಚರಿತ್ರೆಯ ಉಜ್ಜ್ವಲವಾದ ಘಟ್ಟಗಳಲ್ಲೊಂದೆಂದು ಪರಿಗಣಿತವಾಗಿರುವುದು. ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ ಇವರ ಹೆಸರುಗಳನ್ನು ಒಂದರ ಹಿಂದೊಂದಾಗಿ ಹೇಳಿ, ಶ್ರೀರಂಗಪಟ್ಟಣದ ಆಸ್ಥಾನವು ಕವಿಗಳಿಂದ ತುಂಬಿತ್ತೆಂದೂ ಆದುದರಿಂದ ನಾಡು ನೆಮ್ಮದಿಯಿಂದಿತ್ತೆಂದೂ ಪಾಠ ಹೇಳುವುದು ವಾಡಿಕೆಯಾಗಿದೆ. ಇವುಗಳಲ್ಲಿ ಮೊದಲನೆಯ ಮಾತು ನಿಜ. ಎರಡನೆಯದು ಮೊದಲನೆಯದರಿಂದ ತಾನಾಗಿ ಹೊರಡತಕ್ಕದ್ದಲ್ಲ. ಕವಿ ಹಾಡಿದನೆಂಬುದು ಒಕ್ಕಲು ಉಂಡನೆಂಬುದಕ್ಕೆ ಸಾಕ್ಷಿಯಾಗಲಾರದು. ಅಷ್ಟೇ ಅಲ್ಲ, ಇದೇ ಕಾಲದಲ್ಲಿ ಇದೇ ನಾಡಿನ ರೈತರು ಉಳುಮೆಯನ್ನು ನಿಲ್ಲಿಸಿ ದೊರೆಗೆ ಎದುರು ನಿಂತರೆಂದೂ, ಅವರ ಪರವಾಗಿ ಬಾಯಿ ತೆರೆದ ಜಂಗಮರನ್ನು ನಂಜನಗೂಡಿನಲ್ಲಿ ಕೊಲ್ಲಿಸಲಾಯಿತೆಂದೂ ಒಂದು ವೃತ್ತಾಂತವು ಬಂದಿದೆ. ಆ ವೃತ್ತಾಂತವನ್ನು ಆಸ್ಥಾನದ ಗ್ರಂಥಗಳ ಪಕ್ಕದಲ್ಲಿಟ್ಟು ಓದಿದರೆ ಎರಡೂ ಬೇರೆ ಅರ್ಥವನ್ನು ಕೊಡುತ್ತವೆ. ಸಾಹಿತ್ಯ ವಿಮರ್ಶೆಯು ಈ ಕೆಲಸವನ್ನು ಇತಿಹಾಸಕಾರರಿಗೆ ಬಿಟ್ಟುಕೊಟ್ಟು ತಾನು ಅಲಂಕಾರಗಳನ್ನು ಎಣಿಸುತ್ತ ಕುಳಿತಿರುವುದು ಸರಿಯಲ್ಲ.

ವೃತ್ತಾಂತದ ಮೂಲವು ಕರ್ನಲ್ ಮಾರ್ಕ್ ವಿಲ್ಕ್ಸನ ಗ್ರಂಥ. ಪೂರ್ಣಯ್ಯನವರು ದಿವಾನಗಿರಿ ಮಾಡುತ್ತಿದ್ದ ದಿನಗಳಲ್ಲಿ ಈತನು ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದನು. ದಕ್ಷಿಣ ಹಿಂದೂಸ್ಥಾನದ ಇತಿಹಾಸವನ್ನು ಕುರಿತ ಅವನ ಗ್ರಂಥದ ಮೊದಲ ಸಂಪುಟವು 1810ರಲ್ಲಿ ಅಚ್ಚಾಯಿತು. ಎಂದರೆ ಅವನು ಹೇಳುವ ಸಂಗತಿಗೂ ಅವನು ಬರೆದ ಕಾಲಕ್ಕೂ ನಡುವೆ ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾದ ಅಂತರವಿದೆ. ಈ ಅಂತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗಬೇಕು.

ವಿಲ್ಕ್ಸನು ಹೇಳುವ ಪ್ರಕಾರ ಬೆಳೆಯಲ್ಲಿ ಆರರಲ್ಲೊಂದು ಪಾಲು ಅರಸನದೆಂಬುದು ಶಾಸ್ತ್ರಸಮ್ಮತವಾಗಿತ್ತು. ಚಿಕ್ಕದೇವರಾಜ ಒಡೆಯರು ಈ ಮೇರೆಯನ್ನು ಬಹಿರಂಗವಾಗಿ ದಾಟಲಿಲ್ಲ. ಅದಕ್ಕೆ ಬದಲಾಗಿ, ಅದೇ ಶಾಸ್ತ್ರದಲ್ಲಿ ಆಧಾರವನ್ನು ಹುಡುಕಿ, ಬೇರೆ ಬೇರೆ ಹೆಸರಿನ ಸಣ್ಣಪುಟ್ಟ ತೆರಿಗೆಗಳನ್ನು ಒಂದರ ಮೇಲೊಂದಾಗಿ ಹೇರಿದರು. ಈ ಕಿರುಕುಳವನ್ನು ತಾಳಲಾರದೆ ರೈತನೇ ಮುಂದೆ ಬಂದು, ಇವುಗಳನ್ನು ತೆಗೆದುಹಾಕಿ ಭೂಮಿಯ ಕಂದಾಯವನ್ನೇ ಹೆಚ್ಚಿಸಿಕೊಳ್ಳಬೇಕೆಂದು ಕೇಳಿಕೊಳ್ಳುವಂತೆ ಮಾಡುವುದು ಇದರ ಉದ್ದೇಶವಾಗಿತ್ತು. ಆರ್ಥಿಕ ಇತಿಹಾಸವನ್ನು ಬರೆಯುವವರು ಇದನ್ನು ಕಂದಾಯದ ಒಂದು ತಂತ್ರವೆಂದು ಓದಿ ಮುಂದೆ ಸಾಗುತ್ತಾರೆ. ಮಾತಿನ ಸ್ವರೂಪವನ್ನು ವಿಚಾರಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಪ್ರಭುಶಕ್ತಿಯು ರೈತನಿಂದ ಇಲ್ಲಿ ಬಯಸಿದ್ದು ಹಣವನ್ನಷ್ಟೇ ಅಲ್ಲ. ಅವನ ಬಾಯಿಂದ ಹೊರಡುವ ಒಂದು ಬಿನ್ನಪವನ್ನೂ ಅದು ಬಯಸಿತು. ಹೆಚ್ಚಿನ ಕಂದಾಯವು ಅರಸನ ಆಜ್ಞೆಯಾಗಿ ಕಾಣಿಸದೆ ಒಕ್ಕಲಿನ ಕೋರಿಕೆಯಾಗಿ ಕಾಣಿಸಬೇಕು. ಆಗ ಶಾಸ್ತ್ರವೂ ಮುರಿಯದು, ಬೊಕ್ಕಸವೂ ತುಂಬುವುದು. ಬೊಕ್ಕಸವಂತೂ ತುಂಬಿತು. ದಿನವೂ ಸಾವಿರ ವರಹಗಳ ಎರಡು ಚೀಲಗಳನ್ನು ಭಂಡಾರಕ್ಕೆ ಸೇರಿಸಿದ ಮೇಲೆಯೇ ದೊರೆಗಳು ಉಪಾಹಾರಕ್ಕೆ ಕುಳಿತುಕೊಳ್ಳುತ್ತಿದ್ದರೆಂಬ ಐತಿಹ್ಯವೂ ‘ನವಕೋಟಿ ನಾರಾಯಣ’ ಎಂಬ ಹೆಸರೂ ಅದಕ್ಕೆ ಸಾಕ್ಷಿ.

ಆದರೆ ಕೋರಿಕೆ ಬರಬೇಕಾದ ಕಡೆಯಿಂದ ಬೇರೊಂದು ಉತ್ತರ ಬಂತು. ಊರಬಾಗಿಲಿನ ಮರಕ್ಕೆ ನೇಗಿಲುಗಳನ್ನು ತಲೆಕೆಳಗಾಗಿ ತೂಗುಹಾಕಿ, ಇನ್ನು ಉಳುವುದಿಲ್ಲವೆಂದು ಒಕ್ಕಲಿಗರು ಊರುಗಳನ್ನು ಬಿಟ್ಟು ಹೊರಟರು. ಕೆಲವರು ಗುಳೆ ಹೋಗುವವರಂತೆ, ಕೆಲವರು ಸೇಡಿಗೆ ಸಿದ್ಧರಾದವರಂತೆ, ಅಲ್ಲಲ್ಲಿ ಗುಂಪುಗೂಡಿದರು.

ಈ ನೇಗಿಲಿನ ಸಂಗತಿಯು ಇಡೀ ವೃತ್ತಾಂತದಲ್ಲಿ ಅತ್ಯಂತ ಬೆಲೆಯುಳ್ಳದ್ದು. ವಿಚಿತ್ರವೆಂದರೆ ಅತ್ಯಂತ ಕಡಮೆ ಗಮನಕ್ಕೆ ಬಂದಿರುವುದೂ ಇದೇ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ಹೊತ್ತಿಗೆ ಹೊನ್ನಾರು ಕಟ್ಟುವ ಪದ್ಧತಿಯುಂಟು. ಎತ್ತುಗಳನ್ನು ತೊಳೆದು, ನೇಗಿಲನ್ನು ಪೂಜಿಸಿ, ಊರ ಆರುಗಳೆಲ್ಲ ಒಟ್ಟಾಗಿ ಹೊಲಕ್ಕೆ ಹೋಗಿ ವರ್ಷದ ಮೊದಲ ಗೆರೆಯನ್ನು ಎಳೆಯುತ್ತವೆ. ಆ ದಿನ ನೇಗಿಲು ಒಂದು ಮನೆಯ ಸಾಮಾನಲ್ಲ. ಊರಿಗೆ ಊರೇ ಭೂಮಿಯೊಡನೆ ಮಾಡಿಕೊಂಡ ಒಪ್ಪಂದದ ಗುರುತು. ಅಂಥ ನೇಗಿಲನ್ನು ಮೇಳಿ ಕೆಳಗಾಗಿ, ಗುಳ ಆಕಾಶದ ಕಡೆಗಾಗಿ ನೇತುಹಾಕಿದರೆ ಅದರ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾನುಭೋಗನಿಗೆ ಅರ್ಥವಾಯಿತು, ದಾರಿಯಲ್ಲಿ ಹೋಗುವ ಬೇರೂರಿನ ಒಕ್ಕಲಿಗೂ ಅರ್ಥವಾಯಿತು, ಅರಮನೆಗೂ ಅರ್ಥವಾಯಿತು.

ಅಕ್ಷರ ಬಾರದವರಿಗೆ ಮಾತಿನ ಸಾಮರ್ಥ್ಯವೂ ಇಲ್ಲವೆಂದು ತಿಳಿಯುವುದು ಓದುಬಲ್ಲವರ ಒಂದು ಭ್ರಮೆ. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ನಡುವಿಗೆ ಸೇರಿದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ಅಧಿಷ್ಠಾನದ ಸುತ್ತ ಆನೆ, ಕುದುರೆ, ಬಳ್ಳಿ, ಮಕರ, ಹಂಸಗಳ ಸಾಲುಗಳ ನಡುವೆ ರಾಮಾಯಣ ಭಾರತ ಭಾಗವತಗಳ ಕಥೆಗಳು ಕಲ್ಲಿನಲ್ಲಿ ಓಡುತ್ತವೆ. ನಾಲ್ಕು ಶತಮಾನಗಳ ಕಾಲ ಆ ಪಟ್ಟಿಕೆಗಳನ್ನು ಓದಿ ಬಂದವರಲ್ಲಿ ಓಲೆಗರಿಯನ್ನು ಓದಬಲ್ಲವರು ಎಷ್ಟು ಮಂದಿ? ಪ್ರದಕ್ಷಿಣೆ ಬರುತ್ತ ಬಿಲ್ಲನ್ನು ಕಂಡು ರಾಮನನ್ನೂ, ಎತ್ತಿದ ಬೆಟ್ಟವನ್ನು ಕಂಡು ಕೃಷ್ಣನನ್ನೂ ಗುರುತಿಸುವ ಜನ, ತಲೆಕೆಳಗಾದ ನೇಗಿಲನ್ನು ಓದಬಲ್ಲರು. ಹಾಗೆಯೇ ಬರೆಯಲೂ ಬಲ್ಲರು. ವಿಲ್ಕ್ಸನು ನೇಗಿಲು ತೂಗಿದ ಊರುಗಳಲ್ಲಿ ಒಂದನ್ನೂ ಹೆಸರಿಸಿಲ್ಲ. ಹೊಸಹೊಳಲಿನಲ್ಲಿ ಹೀಗಾಯಿತೆಂದು ಹೇಳಲು ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ರಾಜಧಾನಿಯ ಸುತ್ತಿನ ಸೀಮೆಯಲ್ಲಿ ಊರಮುಂದೆ ಅರಳಿಯ ಮರವೂ ಅದರ ಕಟ್ಟೆಯೂ ಇಲ್ಲದ ಊರು ಅಪರೂಪ. ನ್ಯಾಯ ತೀರುವುದು, ಸುದ್ದಿ ಹಬ್ಬುವುದು, ಮದುವೆಯ ಮಾತು ನಡೆಯುವುದು ಎಲ್ಲವೂ ಅಲ್ಲಿಯೇ. ಆ ಕಟ್ಟೆಯನ್ನು ರೈತರು ತಮ್ಮ ಶಾಸನದ ಕಲ್ಲನ್ನಾಗಿ ಮಾಡಿಕೊಂಡರು.

ಇಲ್ಲಿ ಜಂಗಮರ ಪ್ರವೇಶವಾಗುತ್ತದೆ. ರೈತರ ಈ ಚಳವಳಿಗೆ ಜಂಗಮರು ಮುಂದಾಳುಗಳಾಗಿದ್ದರೆಂದು ವಿಲ್ಕ್ಸನು ಹೇಳುತ್ತಾನೆ. ಅವರೇ ಏಕೆಂಬ ಪ್ರಶ್ನೆಗೆ ಮತದ್ವೇಷವೆಂಬ ಉತ್ತರವು ಸುಲಭವಾಗಿ ದೊರೆಯುತ್ತದೆ. ಅರಮನೆಯು ಶ್ರೀವೈಷ್ಣವದ ಕಡೆಗೆ ವಾಲಿತ್ತು. ದೊರೆಯ ಬಾಲ್ಯಸ್ನೇಹಿತನೂ ಮಂತ್ರಿಯೂ ಆಗಿದ್ದ ವಿಶಾಲಾಕ್ಷ ಪಂಡಿತನು ಎಳಂದೂರಿನ ಜೈನ. ಹೊಸ ತೆರಿಗೆಗಳ ಹೊಣೆಯನ್ನು ಜನರು ಅವನ ತಲೆಗೆ ಕಟ್ಟಿದರು, ಮತ್ತು ಅವನು 1686ರಲ್ಲಿ ಕೊಲೆಗೀಡಾದನು. ಇವೆಲ್ಲವೂ ಇದ್ದಿರಬಹುದಾದ ಕಾರಣಗಳೇ. ಆದರೆ ಮತದ ಕಾರಣವೊಂದನ್ನೇ ಹಿಡಿದರೆ ಇನ್ನೊಂದು ಸಂಗತಿ ಕಣ್ಮರೆಯಾಗುತ್ತದೆ. ಜಂಗಮನೆಂದರೆ ಚಲಿಸುವವನು. ಭಿಕ್ಷಕ್ಕೆಂದು ಊರಿಂದೂರಿಗೆ ಹೋಗುವವನು, ಎಲ್ಲ ಮನೆಗಳ ಜಗುಲಿಯ ಮೇಲೂ ಕುಳಿತುಕೊಳ್ಳುವವನು, ಒಂದು ಊರಿನ ಕಷ್ಟವನ್ನು ಇನ್ನೊಂದು ಊರಿಗೆ ಮುಟ್ಟಿಸಬಲ್ಲವನು ಅವನೊಬ್ಬನೇ. ಊರಿಗೊಂದರಂತೆ ಬಿಡಿಬಿಡಿಯಾಗಿದ್ದ ನೇಗಿಲುಗಳು ಒಂದೇ ಮಾತನ್ನಾಡಿದುವೆಂದರೆ, ಅವುಗಳ ನಡುವೆ ನಡೆದಾಡಿದವರು ಯಾರೋ ಇದ್ದಿರಲೇಬೇಕು.

ಇದೇ ಚಿಕ್ಕದೇವರಾಜ ಒಡೆಯರು ರಾಜ್ಯದಲ್ಲೆಲ್ಲ ಮೊದಲ ಬಾರಿಗೆ ಕ್ರಮವಾದ ಅಂಚೆಯನ್ನು ಏರ್ಪಡಿಸಿದರೆಂದು ಪಠ್ಯಪುಸ್ತಕಗಳು ಹೊಗಳುತ್ತವೆ. ಅಂಚೆಯು ಸುದ್ದಿಯನ್ನು ಸಾಗಿಸುವುದಕ್ಕಷ್ಟೇ ಅಲ್ಲದೆ ಸುದ್ದಿಯನ್ನು ಸಂಪಾದಿಸುವುದಕ್ಕೂ ಉಪಯೋಗವಾಗುತ್ತಿತ್ತೆಂದು ವಿಲ್ಕ್ಸನು ಸೇರಿಸುವ ಮಾತನ್ನು ಅವು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಅಂಚೆಯವನು ಓಲೆಯನ್ನು ಹೊತ್ತು ತರುತ್ತಿದ್ದನು. ಊರಿನ ಜನ ಕಟ್ಟೆಯ ಮೇಲೆ ಏನು ಮಾತಾಡಿದರೆಂಬುದನ್ನೂ ಹೊತ್ತು ಹೋಗುತ್ತಿದ್ದನು. ಹೀಗೆ ಒಂದೇ ನಾಡಿನಲ್ಲಿ ಸುದ್ದಿಯ ಎರಡು ಜಾಲಗಳು ಹರಡಿದ್ದುವು. ಒಂದು ಅರಮನೆಯಿಂದ ಊರಿಗೆ ಇಳಿದು ಊರಿನಿಂದ ಅರಮನೆಗೆ ಏರತಕ್ಕದ್ದು. ಇನ್ನೊಂದು ಊರಿನಿಂದ ಊರಿಗೆ, ಮಠದಿಂದ ಮಠಕ್ಕೆ, ಅರಮನೆಯನ್ನು ಬಳಸಿಕೊಂಡು ಹೋಗತಕ್ಕದ್ದು. ಈ ಎರಡನೆಯ ಜಾಲವನ್ನು ಕಡಿಯದೆ ಮೊದಲನೆಯದಕ್ಕೆ ನೆಮ್ಮದಿಯಿರಲಿಲ್ಲವೆಂಬುದು ಊಹೆಯೇ ಸರಿ. ಆದರೆ ಮುಂದೆ ನಡೆದುದನ್ನು ನೋಡಿದರೆ ಮತದ್ವೇಷದ ಊಹೆಗಿಂತ ಇದು ಹೆಚ್ಚು ಸಂಗತಿಗಳನ್ನು ವಿವರಿಸಬಲ್ಲದು.

ಮುಂದೆ ನಡೆದುದಾದರೂ ಇದು. ಒಕ್ಕಲುಗಳ ವಿಷಯದಲ್ಲಿ ಮಾತಾಡಬೇಕೆಂದು ಹೇಳಿ ದೊರೆಯು ಜಂಗಮರೆಲ್ಲರನ್ನೂ ನಂಜನಗೂಡಿನ ದೊಡ್ಡ ದೇವಾಲಯದ ಬಳಿಗೆ ಕರೆಯಿಸಿದನು. ಮೋಸವನ್ನು ಶಂಕಿಸಿ ಅನೇಕರು ಬರಲಿಲ್ಲ. ಬಂದವರು ಸುಮಾರು ನಾನೂರು ಮಂದಿ. ಡೇರೆಯ ಬಟ್ಟೆಗಳಿಂದ ಅಂಕಣ ಅಂಕಣವಾಗಿ ಮರೆಮಾಡಿದ್ದ ದಾರಿಯಲ್ಲಿ ಅವರನ್ನು ಒಬ್ಬೊಬ್ಬರನ್ನಾಗಿ ಒಳಕ್ಕೆ ಬಿಡಲಾಯಿತು. ದೊರೆಗೆ ವಂದಿಸಿ, ಉಪಚಾರವನ್ನು ಸ್ವೀಕರಿಸುವುದಕ್ಕೆಂದು ಮುಂದಿನ ಅಂಕಣಕ್ಕೆ ಹೋದವನು ಅಲ್ಲಿ ಕೊಲೆಗಾರರ ಕೈಗೆ ಸಿಕ್ಕಿ, ಮೊದಲೇ ತೋಡಿಟ್ಟಿದ್ದ ಗುಂಡಿಗೆ ಬೀಳುತ್ತಿದ್ದನು. ಹಿಂದಿನವನಿಗೆ ಮುಂದಿನವನ ಗತಿ ತಿಳಿಯದಂತೆ ಎಲ್ಲವೂ ನಿಶ್ಶಬ್ದವಾಗಿ ನಡೆಯಿತು. ಅದೇ ದಿನ ರಾಜ್ಯದ ಜಂಗಮ ಮಠಗಳನ್ನೆಲ್ಲ ಕೆಡವಿಸಬೇಕೆಂದು ಮುಂಚೆಯೇ ನಿರೂಪಗಳು ಹೋಗಿದ್ದುವು. ಏಳುನೂರಕ್ಕೂ ಹೆಚ್ಚು ಮಠಗಳು ನಾಶವಾದುವೆಂದು ವರದಿ. ಆಮೇಲೆ ಗುಂಪುಗೂಡಿದ್ದ ರೈತರ ಮೇಲೆ ಸೈನ್ಯ ನುಗ್ಗಿತು. ಮಾತುಕತೆಯಾಡದೆ ನುಗ್ಗಬೇಕು, ಕಾವಿಯುಟ್ಟವರನ್ನು ಕಡಿಯಬೇಕು, ಜನ ಚದುರುವವರೆಗೆ ನಿಲ್ಲಬಾರದು ಎಂಬುದು ಸೈನ್ಯಕ್ಕೆ ಇದ್ದ ಅಪ್ಪಣೆ.

ಇದನ್ನು ಕ್ರೌರ್ಯದ ಕಥೆಯೆಂದು ಓದಿ ಮರುಗುವುದು ಸಹಜ. ಆದರೆ ಇದರ ರಚನೆಯನ್ನು ಗಮನಿಸಬೇಕು. ಆಹ್ವಾನವು ಮಾತಿಗಾಗಿ ಬಂದದ್ದು. ಮಾತಾಡುವುದಕ್ಕೆ ಬನ್ನಿರೆಂದು ಕರೆಯುವ ಅಧಿಕಾರವು ಮಾತಿನ ನಿಯಮವನ್ನು ಒಪ್ಪಿಕೊಂಡಿದೆಯೆಂದು ಕೇಳುವವನು ನಂಬುತ್ತಾನೆ. ಬಂದವರು ಆ ನಂಬಿಕೆಯಿಂದಲೇ ಬಂದರು. ಹೀಗೆ ಕೊಲೆಯಾದದ್ದು ನಾನೂರು ಜನ ಮಾತ್ರವಲ್ಲ, ಆ ನಂಬಿಕೆಯೂ ಕೊಲೆಯಾಯಿತು. ಮುಂದೆ ಯಾವ ಊರಿನ ಮುಖಂಡನು ಅರಮನೆಯ ಕರೆಗೆ ಓಗೊಟ್ಟು ಬಾಯಿ ಬಿಚ್ಚಿಯಾನು? ಇನ್ನೊಂದು ಸಂಗತಿ: ಜಂಗಮರು ಗುಂಪಾಗಿ ಬಂದರೂ ದೊರೆಯ ಎದುರಿಗೆ ಒಬ್ಬೊಬ್ಬರಾಗಿಯೇ ಹೋದರು. ಬಟ್ಟೆಯ ಒಂದು ಮರೆ ಒಬ್ಬನ ಅನುಭವವನ್ನು ಇನ್ನೊಬ್ಬನಿಂದ ಬೇರ್ಪಡಿಸಿತು. ಊರಿಂದೂರಿಗೆ ಸುದ್ದಿಯನ್ನು ಮುಟ್ಟಿಸಬಲ್ಲವರು ಹತ್ತು ಮಾರಿನ ಅಂತರದಲ್ಲಿ ತಮ್ಮವರಿಗೆ ಸುದ್ದಿ ಮುಟ್ಟಿಸಲಾರದೆ ಹೋದರು.

ಈ ಎಲ್ಲದರ ಕೊನೆಗೆ ವಿಲ್ಕ್ಸನು ಇನ್ನೊಂದು ಮಾತನ್ನು ಸೇರಿಸುತ್ತಾನೆ. ಭೂಮಿಯ ಮೇಲಿನ ತಮ್ಮ ಸ್ವತ್ತಿನ ಹಕ್ಕನ್ನು ತಾವು ಬಿಟ್ಟುಕೊಟ್ಟಿರುವುದಾಗಿಯೂ ಅದು ಸರ್ಕಾರದ ಹಕ್ಕೆಂದು ಒಪ್ಪಿರುವುದಾಗಿಯೂ ಪ್ರತಿಯೊಂದು ಊರಿನಿಂದಲೂ, ಸ್ವಇಚ್ಛೆಯಿಂದ ಬರೆದುಕೊಟ್ಟಂತೆ ತೋರುವ ಪತ್ರಗಳನ್ನು ಬರೆಯಿಸಿಕೊಳ್ಳಲಾಯಿತೆಂಬ ಐತಿಹ್ಯವಿದೆಯಂತೆ. ಇದನ್ನು ದೃಢಪಡಿಸಲು ತನ್ನಿಂದಾಗಲಿಲ್ಲವೆಂದೂ, ಅಂಥ ಪತ್ರಗಳು ಇದ್ದಿದ್ದರೆ 1786ರಲ್ಲಿ ನಾಶವಾಗಿರಬಹುದೆಂದೂ ಅವನೇ ಎಚ್ಚರಿಕೆ ಕೊಡುತ್ತಾನೆ. ಆ ಎಚ್ಚರಿಕೆಯನ್ನು ಇಲ್ಲಿಯೂ ಉಳಿಸಿಕೊಳ್ಳಬೇಕು. ಆದರೂ ಐತಿಹ್ಯವೇ ಆಗಲಿ, ಜನರ ನೆನಪು ಯಾವುದನ್ನು ಮರೆಯದೆ ಹಿಡಿದಿಟ್ಟಿತೆಂಬುದು ಒಂದು ಸಾಕ್ಷಿಯೇ. ಮೊದಲಿನ ತೆರಿಗೆಯ ತಂತ್ರಕ್ಕೂ ಕೊನೆಯ ಮುಚ್ಚಳಿಕೆಗೂ ಸಂಬಂಧ ಸ್ಪಷ್ಟವಾಗಿದೆ. ಅಲ್ಲಿ ರೈತನು ತಾನಾಗಿ ಕೇಳಿಕೊಳ್ಳಬೇಕಾಗಿತ್ತು. ಇಲ್ಲಿ ತಾನಾಗಿ ಬಿಟ್ಟುಕೊಡಬೇಕಾಗಿದೆ. ವಾಕ್‌ಸ್ವಾತಂತ್ರ್ಯದ ಮಾತು ಬಂದಾಗ ಬಾಯಿಗೆ ಬೀಗ ಹಾಕುವುದೊಂದನ್ನೇ ಅಧಿಕಾರದ ಅಪರಾಧವೆಂದು ಎಣಿಸುವುದುಂಟು. ಬಾಯಿ ತೆರೆಯಿಸಿ ತನ್ನ ಮಾತನ್ನು ಅದರಲ್ಲಿ ಇಟ್ಟು, ಅದನ್ನು ಆಡಿದವನದೇ ಮಾತೆಂದು ಬರೆಯಿಸಿಕೊಳ್ಳುವುದು ಇನ್ನೂ ಸೂಕ್ಷ್ಮವಾದ ಕೆಲಸ. ಈ ವೃತ್ತಾಂತದ ಉದ್ದಕ್ಕೂ ರೈತರ ಸ್ವಂತದ್ದೆಂದು ನಿಸ್ಸಂದೇಹವಾಗಿ ಹೇಳಬಹುದಾದ ಮಾತು ಒಂದೇ: ಮರಕ್ಕೆ ತೂಗಿದ ನೇಗಿಲು. ಅದನ್ನು ಯಾರೂ ಅವರ ಬಾಯಿಗೆ ತುರುಕಿದುದಲ್ಲ.

ವೃತ್ತಾಂತವನ್ನು ಸಂಶಯದಿಂದ ಕಂಡ ವಿದ್ವಾಂಸರಿದ್ದಾರೆ. ಅವರ ಆಕ್ಷೇಪಣೆಗಳು ಹಗುರವಾದುವಲ್ಲ. ವಿಲ್ಕ್ಸನು ತಡವಾಗಿ ಬಂದವನು. ಸಂಖ್ಯೆಗಳು ಬಾಯಿಂದ ಬಾಯಿಗೆ ಬಂದವು. ಆ ಕಾಲದ ಕನ್ನಡ ಗ್ರಂಥಗಳಲ್ಲಿ ಈ ಕೊಲೆಯ ಸುಳಿವಿಲ್ಲ. ಇವುಗಳ ಜೊತೆಗೆ ಇನ್ನೊಂದನ್ನೂ ಸೇರಿಸಬಹುದು. ಹಿಂದೂಸ್ಥಾನದಲ್ಲಿ ಭೂಮಿಯು ಅರಸನದಲ್ಲ, ಉಳುವವನ ಸ್ವತ್ತೆಂಬುದು ಪುರಾತನ ಪದ್ಧತಿಯೆಂದು ವಿಲ್ಕ್ಸನು ಅದೇ ಗ್ರಂಥದಲ್ಲಿ ಒಂದು ಅಧ್ಯಾಯದುದ್ದಕ್ಕೂ ವಾದಿಸಿದ್ದಾನೆ. ಊರೂರೂ ಹಕ್ಕನ್ನು ಬರೆದುಕೊಟ್ಟಿತೆಂಬ ಕಥೆಯು ಆ ವಾದಕ್ಕೆ ಬಹಳ ಅನುಕೂಲವಾದದ್ದು, ಏಕೆಂದರೆ ಇಲ್ಲದ ಹಕ್ಕನ್ನು ಯಾರೂ ಬಿಟ್ಟುಕೊಡಲಾರರು. ಆದುದರಿಂದ ಮುಚ್ಚಳಿಕೆಯ ಮಾತನ್ನು ಅವನ ಇತರ ಮಾತುಗಳಿಗಿಂತ ಹೆಚ್ಚು ಜಾಗರೂಕತೆಯಿಂದ ಓದಬೇಕು. ಇನ್ನೊಂದು ಕಡೆ, ಅವನು ಚಿಕ್ಕದೇವರಾಜ ಒಡೆಯರ ಶತ್ರುವಲ್ಲ. ಅವರ ಆಡಳಿತ ಸಾಮರ್ಥ್ಯವನ್ನು ಮೆಚ್ಚಿದವನು. 1799ರಲ್ಲಿ ಮತ್ತೆ ಪಟ್ಟಕ್ಕೆ ಬಂದ ಅದೇ ವಂಶದ ಆಸ್ಥಾನದಲ್ಲಿ ಕುಳಿತು ಅವನು ಸಾಮಗ್ರಿಯನ್ನು ಕೂಡಿಸಿದನು. ವಂಶದ ಕೀರ್ತಿಗೆ ಕುಂದು ತರುವ ಇಂಥ ಕಥೆಯನ್ನು ಅಲ್ಲಿ ಯಾರೂ ಮುಖಸ್ತುತಿಗಾಗಿ ಕಟ್ಟಿ ಹೇಳಿರಲಾರರು. ಸಂಖ್ಯೆಗಳನ್ನು ಬಿಟ್ಟರೂ, ಡೇರೆಯ ವಿವರಗಳನ್ನು ಬಿಟ್ಟರೂ, ತೆರಿಗೆ, ಉಳುಮೆಯ ನಿಲುಗಡೆ, ಜಂಗಮರ ದಮನ ಎಂಬ ತಿರುಳು ಉಳಿಯುತ್ತದೆಂದು ತೋರುತ್ತದೆ.

ಉಳಿದಿರುವುದು ಆಸ್ಥಾನ ಸಾಹಿತ್ಯದ ಮೌನ. ಮೌನವನ್ನು ನಿರಾಕರಣೆಯೆಂದು ಎಣಿಸಬೇಕಾದರೆ, ಆ ಸಾಹಿತ್ಯಕ್ಕೆ ಮಾತಾಡುವ ಅವಕಾಶವಿತ್ತೆಂಬುದನ್ನು ಮೊದಲು ಸ್ಥಾಪಿಸಬೇಕು. ತಿರುಮಲಾರ್ಯನ ‘ಅಪ್ರತಿಮವೀರ ಚರಿತೆ’ಯು ಹೆಸರಿಗೆ ಅಲಂಕಾರಶಾಸ್ತ್ರ, ಅದರ ಲಕ್ಷ್ಯಪದ್ಯಗಳೆಲ್ಲ ದೊರೆಯ ಸ್ತುತಿ. ವಿದ್ಯಾನಾಥನು ಪ್ರತಾಪರುದ್ರನಿಗೆ ಮಾಡಿದ್ದನ್ನು ಇವನು ತನ್ನ ದೊರೆಗೆ ಮಾಡಿದನು. ಇಂಥ ಗ್ರಂಥದಲ್ಲಿ ವಿರೋಧಾಭಾಸಕ್ಕೆ ಸ್ಥಳವಿದೆ, ವಿರೋಧಕ್ಕೆ ಇಲ್ಲ. ಈ ಗೋಷ್ಠಿಯ ಇನ್ನೊಬ್ಬ ಮಂತ್ರಿಕವಿ ಚಿಕುಪಾಧ್ಯಾಯನು ಕ್ಷೇತ್ರಗಳ ಮಾಹಾತ್ಮ್ಯಗಳನ್ನು ಬರೆದನು: ಗೋಪಾಲಸ್ವಾಮಿ ಬೆಟ್ಟಕ್ಕೆ ‘ಕಮಲಾಚಲ ಮಾಹಾತ್ಮ್ಯ’, ಶ್ರೀರಂಗಪಟ್ಟಣಕ್ಕೆ ‘ಪಶ್ಚಿಮರಂಗ ಮಾಹಾತ್ಮ್ಯ’, ಮೇಲುಕೋಟೆಗೆ ‘ಯಾದವಗಿರಿ ಮಾಹಾತ್ಮ್ಯ’. ನಾಡಿನ ಬೆಟ್ಟ, ಹೊಳೆ, ತೀರ್ಥಗಳೆಲ್ಲ ಕಾವ್ಯಕ್ಕೆ ಬಂದುವು. ಆ ಹೊಳೆಯ ನೀರನ್ನು ಗದ್ದೆಗೆ ಕಟ್ಟಿದವನು ಬರಲಿಲ್ಲ. ಇದನ್ನು ಕವಿಗಳ ದೋಷವೆಂದು ಆಪಾದಿಸುವುದು ನ್ಯಾಯವಲ್ಲ. ಮಾಹಾತ್ಮ್ಯವೆಂಬ ಪ್ರಕಾರವೇ ಅವನನ್ನು ಒಳಕ್ಕೆ ಕರೆಯದು. ಆದರೆ ಕರೆಯದ ಮನೆಗೆ ಅವನು ಬರಲಿಲ್ಲವೆಂಬುದನ್ನೇ ಹಿಡಿದು ಅವನು ಸುಖವಾಗಿದ್ದನೆಂದು ವಾದಿಸುವ ವಿಮರ್ಶಕನ ದೋಷ ಬೇರೆ.

ಇವೆಲ್ಲಕ್ಕಿಂತ ಹೆಚ್ಚು ವಿಚಾರಕ್ಕೆಡೆಗೊಡುವ ಗ್ರಂಥವು ‘ಚಿಕದೇವರಾಜ ಬಿನ್ನಪ’. ಮೇಲುಕೋಟೆಯ ನಾರಾಯಣನಿಗೆ ದೊರೆಯು ಮಾಡಿಕೊಂಡ ಮೂವತ್ತು ಬಿನ್ನಪಗಳು ಇದರಲ್ಲಿವೆ. ದೊರೆಯ ಹೆಸರಿನಲ್ಲಿದ್ದರೂ ಬರೆದವನು ತಿರುಮಲಾರ್ಯನಿರಬೇಕೆಂಬ ಅಭಿಪ್ರಾಯ ಬಲವಾಗಿದೆ. ವಿಶಿಷ್ಟಾದ್ವೈತದ ಸಾರವನ್ನು ಇಷ್ಟು ತಿಳಿಯಾದ, ಇಷ್ಟು ನಿರರ್ಗಳವಾದ ಕನ್ನಡ ಗದ್ಯದಲ್ಲಿ ಹೇಳಿದ ಗ್ರಂಥಗಳು ವಿರಳ. ಇದರ ಶೈಲಿಯ ವಿಷಯದಲ್ಲಿ ಹಿಂದಿನವರು ಮಾಡಿರುವ ಪ್ರಶಂಸೆಯಲ್ಲಿ ಒಂದಕ್ಷರವನ್ನೂ ತೆಗೆಯಬೇಕಾಗಿಲ್ಲ. ದೊರೆಯು ಇಲ್ಲಿ ತಾನು ಶರಣಾಗತನೆಂದು, ಸ್ವತಂತ್ರನಲ್ಲವೆಂದು, ಸರ್ವವೂ ಸ್ವಾಮಿಯದೆಂದು ಹೇಳಿಕೊಳ್ಳುತ್ತಾನೆ. ಪ್ರಪತ್ತಿಮಾರ್ಗದಲ್ಲಿ ಆ ಮಾತಿಗೆ ಮಹತ್ತಾದ ಅರ್ಥವಿದೆ. ಆದರೆ ಅದೇ ಕಾಲದಲ್ಲಿ ಅದೇ ಮಾತು ಇನ್ನೊಂದು ಕಡೆಯೂ ಕೇಳಿಬರುತ್ತದೆ. ಐತಿಹ್ಯವು ನಿಜವಾದರೆ, ಊರಿನ ಒಕ್ಕಲುಗಳ ಮುಚ್ಚಳಿಕೆಯೂ ಇದನ್ನೇ ಹೇಳಿತು: ಈ ಭೂಮಿ ನಮ್ಮದಲ್ಲ, ಎಲ್ಲವೂ ಒಡೆಯನದು. ಒಂದು ಶರಣಾಗತಿ ಒಳಗಿನಿಂದ ಹುಟ್ಟಿದ್ದು, ಇನ್ನೊಂದು ಕತ್ತಿಯ ಕೆಳಗೆ ಬರೆದದ್ದು. ಭಾಷೆ ಒಂದೇ. ದೇವರ ಮುಂದೆ ಬಿನ್ನಪ ಮಾಡಲು ಮೂವತ್ತು ಸಲ ಅವಕಾಶ ಪಡೆದ ದೊರೆಯು ತನ್ನ ಮುಂದೆ ಬಿನ್ನಪ ಮಾಡಲು ಬಂದವರಿಗೆ ಒಂದು ಸಲವೂ ಆ ಅವಕಾಶವನ್ನು ಕೊಡಲಿಲ್ಲವೆಂಬುದು ಗ್ರಂಥದ ಹೊರಗಿನ ಸಂಗತಿಯಾದರೂ ಗ್ರಂಥದ ಓದಿಗೆ ಹೊರಗಿನದಲ್ಲ. ಬಿನ್ನಪವೆಂಬ ಪದವನ್ನು ವಿವರಿಸುವ ಅಧ್ಯಾಪಕನು ಅದರ ಎರಡು ದಿಕ್ಕುಗಳನ್ನೂ ತೋರಿಸಬೇಕಾಗುತ್ತದೆ.

ಆಸ್ಥಾನದಲ್ಲಿ ಸ್ವತಂತ್ರವಾದ ಮಾತೇ ಇರಲಿಲ್ಲವೆಂದು ಹೇಳಿದರೆ ಅದೂ ತಪ್ಪಾದೀತು. ಸಂಚಿಯ ಹೊನ್ನಮ್ಮನು ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳು. ಅವಳ ‘ಹದಿಬದೆಯ ಧರ್ಮ’ವು ಪತಿವ್ರತೆಯ ನಡತೆಯನ್ನು ಬೋಧಿಸುವ ಸಾಂಗತ್ಯ. ಅದರ ನಡುವೆ ಹೆಣ್ಣುಮಗುವನ್ನು ಕೀಳೆಂದು ಕಾಣುವವರನ್ನು ಅವಳು ಕಟುವಾಗಿ ನಿಂದಿಸಿ, ಗಂಡೆಂಬುದಷ್ಟರಿಂದಲೇ ಮೇಲೆನ್ನುವುದರಲ್ಲಿ ಹುರುಳಿಲ್ಲವೆಂದು ಕೇಳುತ್ತಾಳೆ. ಊಳಿಗದ ಹೆಣ್ಣೊಬ್ಬಳು ಇದನ್ನು ಬರೆದಳು, ಆಸ್ಥಾನವು ಮೆಚ್ಚಿತು. ಹಾಗಾದರೆ ರೈತನ ಮಾತನ್ನು ಏಕೆ ಸಹಿಸಲಿಲ್ಲ? ಹೊನ್ನಮ್ಮನ ಮಾತು ತೀಕ್ಷ್ಣವಾದರೂ ಅದರಿಂದ ಬೊಕ್ಕಸಕ್ಕೆ ಒಂದು ಹಣವೂ ಕಡಮೆಯಾಗುತ್ತಿರಲಿಲ್ಲ. ಅದು ಧರ್ಮೋಪದೇಶದ ಚೌಕಟ್ಟಿನೊಳಗೆ, ದೊರೆಯ ಆಶ್ರಯದೊಳಗೆ ಬಂದ ಮಾತು. ನೇಗಿಲಿನ ಮಾತು ಅಪ್ಪಣೆಯನ್ನು ಕೇಳದೆ ಬಂದದ್ದು, ಮತ್ತು ಅದು ಮಾತೂ ಹೌದು, ಕಂದಾಯದ ನಿಲುಗಡೆಯೂ ಹೌದು. ಹೊನ್ನಮ್ಮನ ಧೈರ್ಯವನ್ನು ಇದು ಕುಗ್ಗಿಸುವುದಿಲ್ಲ. ಒಂದು ಆಳ್ವಿಕೆಯ ಔದಾರ್ಯವನ್ನು ಅದು ಯಾವ ಮಾತನ್ನು ಮೆಚ್ಚಿತೆಂಬುದರಿಂದ ಅಳೆಯುವ ಪದ್ಧತಿಯನ್ನು ಮಾತ್ರ ಇದು ಸಂದೇಹಕ್ಕೆ ಒಳಪಡಿಸುತ್ತದೆ.

ಇದೇ ಸೀಮೆಯಲ್ಲಿ ಎರಡೂವರೆ ಶತಮಾನಗಳ ಬಳಿಕ ನಡೆದ ಇನ್ನೊಂದು ಪ್ರಸಂಗವನ್ನು ಇದರ ಜೊತೆಗಿಟ್ಟು ನೋಡುವುದು ಉಪಯುಕ್ತ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಧ್ವಜವನ್ನು ಏರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆ ಬಂತು. ಆಜ್ಞೆಯನ್ನು ಮೀರಿ ಧ್ವಜ ಏರಿತು, ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯ ಮೊದಲಾದ ಮುಖಂಡರು ಬಂಧಿತರಾದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಕಡೆಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಮುಂದಿನ ತಿಂಗಳು ಮಿರ್ಜಾ ಇಸ್ಮಾಯಿಲರಿಗೂ ಸರ್ದಾರ್ ಪಟೇಲರಿಗೂ ಆದ ಒಪ್ಪಂದದಿಂದ ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜಕ್ಕೂ ಸ್ಥಾನ ದೊರೆಯಿತು.

ಕಂಬಕ್ಕೇರಿದ ಬಟ್ಟೆಯೂ ಮರಕ್ಕೇರಿದ ನೇಗಿಲೂ ಒಂದೇ ಜಾತಿಯ ಮಾತುಗಳು. ಎರಡನ್ನೂ ದೂರದಿಂದ ಓದಬಹುದು; ಎರಡಕ್ಕೂ ಅಕ್ಷರ ಬೇಡ; ಎರಡನ್ನೂ ಆಡಿದವನು ಇಂಥವನೆಂದು ಹಿಡಿಯುವುದು ಕಷ್ಟ, ಏಕೆಂದರೆ ಆಡಿದ್ದು ಊರು. ವ್ಯತ್ಯಾಸವಿರುವುದು ಮುಂದಿನ ನಡೆಯಲ್ಲಿ. 1938ರಲ್ಲಿ ಪತ್ರಿಕೆಗಳಿದ್ದುವು, ಸಂಸ್ಥಾನದ ಹೊರಗೆ ಕೇಳುವವರಿದ್ದರು, ವಿಚಾರಣೆ ನಡೆಸಬೇಕೆಂಬ ಒತ್ತಾಯವಿತ್ತು. ಆದುದರಿಂದ ಸಂಧಾನದ ಕರೆಯು ನಿಜವಾಗಿಯೇ ಸಂಧಾನಕ್ಕೆ ಮುಟ್ಟಿತು. ಇಷ್ಟಾದರೂ ವಿದುರಾಶ್ವತ್ಥದಲ್ಲಿ ಸತ್ತವರೆಷ್ಟು ಮಂದಿಯೆಂಬ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಅಚ್ಚಿನ ಯುಗದಲ್ಲಿ, ಹಗಲು ಹೊತ್ತಿನಲ್ಲಿ, ಜಾತ್ರೆಯ ಜನರ ಎದುರಿನಲ್ಲಿ ನಡೆದುದರ ಸಂಖ್ಯೆಯೇ ಹೀಗಿರುವಾಗ, ಡೇರೆಯ ಮರೆಯಲ್ಲಿ ನಡೆದುದರ ಸಂಖ್ಯೆ ಖಚಿತವಾಗಿಲ್ಲವೆಂಬ ಒಂದೇ ಕಾರಣದಿಂದ ನಂಜನಗೂಡಿನ ವೃತ್ತಾಂತವನ್ನು ತಳ್ಳಿಹಾಕುವವರು ಸ್ವಲ್ಪ ತಡೆದು ಯೋಚಿಸಬೇಕು.

ಚಿಕ್ಕದೇವರಾಜ ಒಡೆಯರು ಕೇವಲ ಕ್ರೂರಿಯಾದ ಅರಸರೆಂದು ತೀರ್ಪು ಕೊಡುವುದು ಈ ವಿವೇಚನೆಯ ಗುರಿಯಲ್ಲ. ಅವರ ಹೆಸರನ್ನು ಹೊತ್ತ ಚಿಕ್ಕದೇವರಾಜ ಸಾಗರ ನಾಲೆಯು ಶ್ರೀರಂಗಪಟ್ಟಣದ ಸೀಮೆಯಲ್ಲಿ ಹೊಲಗಳಿಗೆ ನೀರುಣಿಸುತ್ತಿದೆ. ಮೊಗಲರೂ ಮರಾಠರೂ ದಕ್ಷಿಣವನ್ನು ತುಳಿಯುತ್ತಿದ್ದಾಗ ರಾಜ್ಯವನ್ನು ಉಳಿಸಿ ಬೆಳೆಸಿದವರು ಅವರು. ತೆರಿಗೆಯಿಲ್ಲದೆ ಅದು ಆಗುತ್ತಿರಲಿಲ್ಲವೆಂದು ವಾದಿಸುವವರಿಗೆ ಆಧಾರಗಳುಂಟು. ಆದರೆ ಆ ವಾದವನ್ನು ರೈತರ ಎದುರಿಗೆ, ನಂಜನಗೂಡಿನಲ್ಲಿ, ಬಾಯಿಮಾತಿನಲ್ಲಿ ಹೇಳಬಹುದಾಗಿತ್ತು. ಹೇಳುತ್ತೇವೆಂದೇ ಕರೆಯಲಾಗಿತ್ತು.

ಈ ವಿಷಯದಲ್ಲಿ ನಡೆಯಬೇಕಾದ ಸಂಶೋಧನೆ ಬಹಳ ಉಳಿದಿದೆ. ನಾಗಮಂಗಲ, ಕೃಷ್ಣರಾಜಪೇಟೆ, ನಂಜನಗೂಡು, ಎಳಂದೂರು ಸೀಮೆಗಳ ಹಳೆಯ ಮಠಗಳಲ್ಲಿ ಗುರುಪರಂಪರೆಯ ಪಟ್ಟಿಗಳಿರುವ ಕಡೆಗಳಲ್ಲಿ, 1680ರಿಂದ ಮುಂದಣ ಹತ್ತು ಹದಿನೈದು ವರ್ಷಗಳಲ್ಲಿ ಪರಂಪರೆಯು ಎಲ್ಲಿ ಕಡಿದಿದೆ, ಎಲ್ಲಿ ಬೇರೆ ಸ್ಥಳದಿಂದ ಬಂದ ಗುರುವಿನಿಂದ ಮತ್ತೆ ಪ್ರಾರಂಭವಾಗಿದೆ ಎಂಬುದನ್ನು ಹೋಲಿಸಿ ನೋಡಬಹುದು. ಏಳುನೂರೆಂಬ ಸಂಖ್ಯೆಯನ್ನು ಪರೀಕ್ಷಿಸಲು ವಿಲ್ಕ್ಸನನ್ನು ಮತ್ತೆ ಮತ್ತೆ ಓದುವುದಕ್ಕಿಂತ ಇದು ಒಳ್ಳೆಯ ದಾರಿ. ಶಾನುಭೋಗರ ಮನೆಗಳಲ್ಲಿರುವ ಕಡತಗಳಲ್ಲಿ ‘ಸ್ವಇಚ್ಛೆಯಿಂದ’ ಬರೆದುಕೊಟ್ಟೆವೆಂಬ ಒಕ್ಕಣೆ ಯಾವ ಕಾಲದಿಂದ, ಯಾವ ಬಗೆಯ ಪತ್ರಗಳಲ್ಲಿ ತಲೆದೋರುತ್ತದೆಂಬುದೂ ನೋಡತಕ್ಕ ವಿಷಯ. ‘ಬಿನ್ನಪ’ವನ್ನು ಮುಂದೆ ಸಂಪಾದಿಸುವವರು ಪೀಠಿಕೆಯಲ್ಲಿ ವಿಶಿಷ್ಟಾದ್ವೈತದ ವಿವರಣೆಗೆ ಕೊಡುವ ಪುಟಗಳ ಜೊತೆಗೆ ಈ ವೃತ್ತಾಂತಕ್ಕೂ, ಅದರ ಮೇಲಿರುವ ಸಂಶಯಗಳಿಗೂ ಒಂದೆರಡು ಪುಟಗಳನ್ನು ಕೊಟ್ಟರೆ, ಮೇಲುಕೋಟೆಯ ಬೆಟ್ಟದ ಮೇಲೆ ನಿಂತು ಕೈಮುಗಿದ ದೊರೆಯನ್ನೂ ಬೆಟ್ಟದ ಕೆಳಗಿನ ಊರಬಾಗಿಲುಗಳನ್ನೂ ವಿದ್ಯಾರ್ಥಿಯು ಒಂದೇ ಪುಸ್ತಕದಲ್ಲಿ ಕಂಡಾನು.